ಗುಂಪಿನ ಸರಾಸರಿಯಿಂದ ಒಬ್ಬರ ಫಲಿತಾಂಶ ಹೇಳಬಹುದೆ?

ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ಅಮೆರಿಕದಲ್ಲಿ ಲಕ್ಷಾಂತರ ಜನ ಒಂದು ಹಾಳೆ ತುಂಬುತ್ತಾರೆ. ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಮೊದಲ ಸುತ್ತಿನಿಂದ ಫೈನಲ್‌ವರೆಗೆ ಯಾವ ತಂಡ ಯಾವ ತಂಡವನ್ನು ಸೋಲಿಸುತ್ತದೆ ಎಂದು ಆಟ ಶುರುವಾಗುವ ಮೊದಲೇ ಬರೆದಿಡುವ ಹಾಳೆ ಅದು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ನಮ್ಮ ಪ್ರೌಢಶಾಲೆಗಳ ಸ್ಟಾಫ್ ರೂಮುಗಳಲ್ಲೂ ಒಂದು ಹಾಳೆ ತುಂಬುತ್ತಿರುತ್ತದೆ: ಎಸ್ಸೆಸ್ಸೆಲ್ಸಿಯಲ್ಲಿ ಯಾರು ಪಾಸು, ಯಾರು ಫೇಲು, ಯಾರಿಗೆ ಡಿಸ್ಟಿಂಕ್ಷನ್. ಈ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಈ ಲೇಖನದ ಉದ್ದೇಶ. ಗುಂಪಿನ ಸಾಧನೆ ನೋಡಿ ಮುಂದಿನ ಫಲಿತಾಂಶ ಊಹಿಸುವ ಕೆಲಸವನ್ನು ನಾವು ಗಣಿತ ತರಗತಿಗೆ ಧಾರಾಳವಾಗಿ ತರಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಅದೇ ಕೆಲಸವನ್ನು ಮಕ್ಕಳ ಹೆಸರಿನ ಮುಂದೆ ಮಾಡುವಾಗ ನಮಗೆ ಕೆಲವು ಕಟ್ಟುಪಾಡುಗಳಿರಬೇಕು. ಈಗ ನಮಗೆ ಅಂಥ ಕಟ್ಟುಪಾಡುಗಳಿಲ್ಲ.

ಕಾನ್ಫರೆನ್ಸ್ ಎಂದರೇನು?

ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲದ ಸಹಪಾಠಿಗಳಿಗಾಗಿ ಸ್ವಲ್ಪ ವಿವರ. ಈ ಆಟ ಹುಟ್ಟಿದ್ದೇ ಒಂದು ತರಬೇತಿ ಶಾಲೆಯಲ್ಲಿ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈ.ಎಂ.ಸಿ.ಎ. ತರಬೇತಿ ಶಾಲೆಯ ಬೋಧಕ ಜೇಮ್ಸ್ ನೈಸ್ಮಿತ್ ಅವರಿಗೆ, ಚಳಿಗಾಲದಲ್ಲಿ ಒಳಗೆ ಆಡಿಸಬಹುದಾದ ಆಟವೊಂದನ್ನು ರೂಪಿಸುವ ಕೆಲಸ ವಹಿಸಲಾಯಿತು. ಅವರು 13 ನಿಯಮ ಬರೆದು, ಪೀಚ್ ಹಣ್ಣಿನ ಬುಟ್ಟಿ ಕಟ್ಟಿಸಿ, 18 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಆಡಿಸಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಕಷ್ಟದ ತರಗತಿಗೆಂದು ಬರೆದ ಒಂದು ಪಾಠ ಯೋಜನೆ.

ಇಂದು ಅಲ್ಲಿನ ಕಾಲೇಜುಗಳು ಮೂವತ್ತಕ್ಕೂ ಹೆಚ್ಚು ಕಾನ್ಫರೆನ್ಸ್‌ಗಳಾಗಿ ಹಂಚಿಕೊಂಡಿವೆ. ಕಾನ್ಫರೆನ್ಸ್ ಎಂದರೆ ತಮ್ಮತಮ್ಮೊಳಗೆ ಲೀಗ್ ಆಡುವ ಕಾಲೇಜುಗಳ ಕೂಟ. ಎನ್‌ಸಿಎಎ ನಡೆಸುವ ಮಾರ್ಚ್ ಟೂರ್ನಿಗೆ 68 ತಂಡಗಳು ಬರುತ್ತವೆ. ಪ್ರತಿ ಕಾನ್ಫರೆನ್ಸ್‌ನಿಂದ ಒಂದು ತಂಡ, ಸಾಮಾನ್ಯವಾಗಿ ಅಲ್ಲಿ ಗೆದ್ದ ತಂಡ, ನೇರ ಪ್ರವೇಶ ಪಡೆಯುತ್ತದೆ. ಉಳಿದವನ್ನು ಒಂದು ಸಮಿತಿ ಆರಿಸುತ್ತದೆ. ಹೀಗೆ ಆರಿಸುವಾಗ ಪ್ರಬಲ ಕಾನ್ಫರೆನ್ಸ್‌ಗಳಿಗೆ ಹೆಚ್ಚು ಸ್ಥಾನ ಸಿಗುತ್ತದೆ. ಹಾಳೆ ತುಂಬುವವರೂ ಇದನ್ನೇ ನೋಡುತ್ತಾರೆ: ಈ ವರ್ಷ ಯಾವ ಕಾನ್ಫರೆನ್ಸ್ ಬಲವಾಗಿದೆ, ಅದರ ತಂಡಗಳು ಹಿಂದಿನ ವರ್ಷಗಳಲ್ಲಿ ಎಷ್ಟು ದೂರ ಹೋಗಿದ್ದವು?

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಅಂತರ ವಿಶ್ವವಿದ್ಯಾಲಯ ಟೂರ್ನಿ. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ದೇಶವನ್ನು ನಾಲ್ಕು ವಲಯ ಮಾಡಿ, ವಲಯ ಮಟ್ಟದಲ್ಲಿ ಮುಂದೆ ಬಂದ ತಂಡಗಳನ್ನು ಅಖಿಲ ಭಾರತ ಮಟ್ಟಕ್ಕೆ ಕರೆಯುತ್ತದೆ. ನಮ್ಮ ಶಾಲಾ ಕ್ರೀಡಾಕೂಟವೂ ಹಾಗೆಯೇ: ತಾಲ್ಲೂಕು, ಜಿಲ್ಲೆ, ಆಮೇಲೆ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂಬ ನಾಲ್ಕು ವಿಭಾಗ, ಕೊನೆಗೆ ರಾಜ್ಯಮಟ್ಟ. ದೈಹಿಕ ಶಿಕ್ಷಕರು ಡ್ರಾ ಚೀಟಿ ನೋಡಿ "ಈ ಸಲ ನಮಗೆ ಆ ವಿಭಾಗ ಬಂದಿದೆ, ಕಷ್ಟ" ಎನ್ನುವುದನ್ನು ಕೇಳಿದವರಿಗೆ ಕಾನ್ಫರೆನ್ಸ್ ಲೆಕ್ಕಾಚಾರ ಹೊಸದೇನೂ ಅಲ್ಲ.

ಊಹೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಬೀಳುತ್ತದೆ

ಗುಂಪಿನ ಪ್ರವೃತ್ತಿ ನೋಡಿ ಊಹಿಸುವುದು ಮೂಢನಂಬಿಕೆ ಅಲ್ಲ. 2025ರಲ್ಲಿ ಎಸ್‌ಇಸಿ ಎಂಬ ಕಾನ್ಫರೆನ್ಸ್‌ನಿಂದ 14 ತಂಡಗಳು ಟೂರ್ನಿಗೆ ಬಂದವು. ಒಂದೇ ಕಾನ್ಫರೆನ್ಸ್‌ನಿಂದ ಅಷ್ಟು ತಂಡಗಳು ಬಂದದ್ದು ಅದೇ ಮೊದಲು. ಅವುಗಳಲ್ಲಿ 7 ತಂಡಗಳು ಕೊನೆಯ ಹದಿನಾರರ ಸುತ್ತು ತಲುಪಿದವು. ಚಾಂಪಿಯನ್ ಆದ ಫ್ಲೋರಿಡಾ ಕೂಡ ಅದೇ ಕಾನ್ಫರೆನ್ಸ್‌ನದು. ಆ ವರ್ಷ ಗುಂಪನ್ನು ನಂಬಿದವರು ಗೆದ್ದರು.

ಈಗ 2011ನ್ನು ನೋಡಿ. ಬಿಗ್ ಈಸ್ಟ್ ಕಾನ್ಫರೆನ್ಸ್ ಆ ವರ್ಷ 11 ತಂಡಗಳನ್ನು ಕಳಿಸಿತ್ತು. ಕೊನೆಯ ಹದಿನಾರಕ್ಕೆ ತಲುಪಿದ್ದು ಎರಡೇ ಎರಡು. ಹಾಗಾದರೆ ಗುಂಪನ್ನು ನಂಬಬಾರದಿತ್ತು ಎನ್ನೋಣವೆ? ಆ ಎರಡರಲ್ಲಿ ಒಂದಾದ ಕನೆಕ್ಟಿಕಟ್ ಚಾಂಪಿಯನ್ ಆಯಿತು! ಅದೂ ತನ್ನ ಕಾನ್ಫರೆನ್ಸ್‌ನ ಲೀಗ್ ಹಂತದಲ್ಲಿ 9 ಗೆದ್ದು 9 ಸೋತು, ಪಟ್ಟಿಯಲ್ಲಿ ಒಂಬತ್ತನೆಯ ಸ್ಥಾನದಲ್ಲಿದ್ದ ತಂಡ. ಗುಂಪು ಬಲವಾಗಿದೆ ಎಂಬ ಮಾತು ಸುಳ್ಳಾಗಲಿಲ್ಲ, ಆದರೆ ಆ ಬಲ ಯಾರಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಗುಂಪಿನ ಲೆಕ್ಕ ಹೇಳಲಿಲ್ಲ.

ಇಲ್ಲಿ ಒಂದು ಸರಳ ಗಣಿತವಿದೆ. ಒಂದು ತಂಡ ಪ್ರತಿ ಪಂದ್ಯದಲ್ಲೂ ಗೆಲ್ಲುವ ಸಂಭವನೀಯತೆ 0.8 ಎಂದಿಟ್ಟುಕೊಳ್ಳಿ. ಒಂದು ಪಂದ್ಯಕ್ಕೆ ಅದು ದೊಡ್ಡ ಭರವಸೆ. ಪ್ರಶಸ್ತಿಗೆ ಸತತ 6 ಪಂದ್ಯ ಗೆಲ್ಲಬೇಕು. 0.8ನ್ನು ಆರು ಸಲ ಗುಣಿಸಿದರೆ ಸುಮಾರು 0.26. ಪ್ರತಿ ಪಂದ್ಯದಲ್ಲೂ ಮೆಚ್ಚಿನ ತಂಡವಾಗಿದ್ದರೂ ಕಪ್ ಎತ್ತದೇ ಇರುವ ಸಾಧ್ಯತೆಯೇ ಹೆಚ್ಚು. ನಾಕೌಟ್ ಟೂರ್ನಿಯಲ್ಲಿ "ಎಲ್ಲರೂ ಹೇಳಿದ್ದ" ತಂಡ ಏಕೆ ಸೋಲುತ್ತದೆ ಎಂಬ ಪ್ರಶ್ನೆಗೆ ಹತ್ತನೆಯ ತರಗತಿಯ ಮಗು ಅರ್ಥಮಾಡಿಕೊಳ್ಳಬಲ್ಲ ಉತ್ತರ ಇದು. ಹಾಳೆಯನ್ನು ಪೂರ್ತಿ ಸರಿಯಾಗಿ ತುಂಬುವುದಂತೂ ಇನ್ನೂ ದೂರ. 64 ತಂಡಗಳ ನಾಕೌಟ್‌ನಲ್ಲಿ 63 ಪಂದ್ಯ. ಪ್ರತಿ ಪಂದ್ಯಕ್ಕೆ ಎರಡು ಫಲಿತಾಂಶ. ಒಟ್ಟು ಸಾಧ್ಯತೆ 2ರ ಘಾತ 63, ಅಂದರೆ 9ರ ಮುಂದೆ ಹದಿನೆಂಟು ಅಂಕಿ ಬರುವ ಸಂಖ್ಯೆ.

ಸೊನ್ನೆ ಎಂದರೆ ಅಸಂಭವವಲ್ಲ

ಪ್ರಾಯೋಗಿಕ ಸಂಭವನೀಯತೆ ಮತ್ತು ಸೈದ್ಧಾಂತಿಕ ಸಂಭವನೀಯತೆಯ ವ್ಯತ್ಯಾಸ ಕಲಿಸಲು ನಾಣ್ಯ, ದಾಳ, ಇಸ್ಪೀಟ್ ಎಲೆ ಬಿಟ್ಟು ಬೇರೆ ಉದಾಹರಣೆ ಬೇಕು ಎನ್ನುವವರಿಗೆ ಈ ಟೂರ್ನಿಯಲ್ಲಿ ಒಂದು ಚಿನ್ನದಂಥ ದತ್ತಾಂಶವಿದೆ. 1985ರಿಂದ ನಾಲ್ಕು ಪ್ರಾಂತ್ಯಗಳಲ್ಲೂ ಮೊದಲ ಶ್ರೇಯಾಂಕದ ತಂಡ ಹದಿನಾರನೆಯ ಶ್ರೇಯಾಂಕದ ತಂಡದೊಂದಿಗೆ ಆಡುತ್ತದೆ. 2018ರ ಮಾರ್ಚ್‌ವರೆಗೆ ಅಂಥ 135 ಪಂದ್ಯಗಳಾಗಿದ್ದವು. 135ರಲ್ಲೂ ಮೊದಲ ಶ್ರೇಯಾಂಕದ್ದೇ ಗೆಲುವು. ಪ್ರಾಯೋಗಿಕ ಸಂಭವನೀಯತೆ ಲೆಕ್ಕ ಹಾಕಿದರೆ ಕೆಳಗಿನ ತಂಡಕ್ಕೆ 0/135, ಸೊನ್ನೆ.

ಮುಂದಿನ ಪಂದ್ಯದಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯ ಆಡಿತು. ಇಡೀ ಟೂರ್ನಿಯ ಅಗ್ರ ಶ್ರೇಯಾಂಕ ಅದರದು, ಪ್ರಬಲ ಕಾನ್ಫರೆನ್ಸ್ ಒಂದರ ಚಾಂಪಿಯನ್ ಕೂಡ. ಎದುರಾಳಿ ಯುಎಂಬಿಸಿ ಎಂಬ, ಹೆಚ್ಚಿನವರು ಹೆಸರೇ ಕೇಳಿರದ ತಂಡ. ಫಲಿತಾಂಶ 74–54. ಗೆದ್ದದ್ದು ಯುಎಂಬಿಸಿ, ಅದೂ 20 ಅಂಕಗಳಿಂದ. 2023ರಲ್ಲಿ ಫೇರ್ಲೆ ಡಿಕಿನ್ಸನ್ ತಂಡ ಪರ್ಡ್ಯೂವನ್ನು 63–58ರಿಂದ ಸೋಲಿಸಿ ಎರಡನೆಯ ಸಲ ಅದನ್ನೇ ಮಾಡಿತು. ಫೇರ್ಲೆ ಡಿಕಿನ್ಸನ್ ತನ್ನ ಸಣ್ಣ ಕಾನ್ಫರೆನ್ಸ್‌ನ ಟೂರ್ನಿಯನ್ನೂ ಗೆದ್ದಿರಲಿಲ್ಲ. ಗೆದ್ದ ತಂಡಕ್ಕೆ ನಿಯಮದ ಪ್ರಕಾರ ಅರ್ಹತೆ ಇಲ್ಲದ್ದರಿಂದ ಅದಕ್ಕೆ ಜಾಗ ಸಿಕ್ಕಿತ್ತು. 2025ರವರೆಗೆ ಲೆಕ್ಕ ಹಾಕಿದರೆ 160 ಪಂದ್ಯಗಳಲ್ಲಿ 2. ಅಂದರೆ ಎಂಬತ್ತರಲ್ಲಿ ಒಂದು. ಸಣ್ಣ ಸಂಖ್ಯೆ, ಆದರೆ ಸೊನ್ನೆಯಲ್ಲ.

ಗಣಿತಜ್ಞ ಲಾಪ್ಲಾಸ್ ಇಂಥ ಸಂದರ್ಭಕ್ಕೆಂದೇ ಒಂದು ದಾರಿ ಹೇಳಿದ್ದಾನೆ: ಘಟನೆ ನಡೆದ ಸಂಖ್ಯೆಗೆ 1, ಒಟ್ಟು ಪ್ರಯತ್ನಗಳ ಸಂಖ್ಯೆಗೆ 2 ಸೇರಿಸಿ ಭಾಗಿಸು. 0/135 ಇದ್ದದ್ದು 1/137 ಆಗುತ್ತದೆ. "ಇದುವರೆಗೆ ಆಗಿಲ್ಲ" ಎಂಬುದನ್ನು "ಆಗುವುದಿಲ್ಲ" ಎಂದು ಓದದಿರಲು ಇದು ಗಣಿತವೇ ಹೇಳಿಕೊಡುವ ಎಚ್ಚರ. ಪಠ್ಯಪುಸ್ತಕದಲ್ಲಿ ಈ ಸೂತ್ರವಿಲ್ಲ; ಪರೀಕ್ಷೆಗೂ ಬರುವುದಿಲ್ಲ. ಆದರೂ ಹತ್ತನೆಯ ತರಗತಿಗೆ ಐದು ನಿಮಿಷದಲ್ಲಿ ಹೇಳಬಹುದು.

ಬೆಂಗಳೂರು ಪೂರ್ವದ ಒಂದು ಶಾಲೆಯಲ್ಲಿ ನನ್ನ ಬೋಧನಾಭ್ಯಾಸದ ದಿನಗಳಲ್ಲಿ ಈ 135ರ ಕತೆಯನ್ನು ಹತ್ತನೆಯ ತರಗತಿಗೆ ಹೇಳಿದೆ. ಮಕ್ಕಳು 0/135 ಬರೆದುಕೊಂಡರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಮಿಸ್, ಆ 135ರಲ್ಲಿ ಎಷ್ಟು ಮ್ಯಾಚ್ ಕ್ಲೋಸ್ ಆಗಿತ್ತು?" ಎಂದು ಕೇಳಿದ.

ಆ ಪ್ರಶ್ನೆ ನನ್ನ ಪಾಠ ಯೋಜನೆಯಲ್ಲಿರಲಿಲ್ಲ. ಮರುದಿನ ಹುಡುಕಿಕೊಂಡು ಹೋಗಿ ಹೇಳಿದೆ: 1989ರಲ್ಲಿ ಪ್ರಿನ್ಸ್‌ಟನ್ ಸೋತದ್ದು 50–49ರಿಂದ, ಒಂದೇ ಅಂಕ, ಅದೇ ವರ್ಷ ಈಸ್ಟ್ ಟೆನೆಸ್ಸಿ ಸ್ಟೇಟ್ ಸೋತದ್ದೂ ಒಂದೇ ಅಂಕದಿಂದ, 72–71, 1990ರಲ್ಲಿ ಮರ್ರೆ ಸ್ಟೇಟ್ ಹೆಚ್ಚುವರಿ ಅವಧಿವರೆಗೆ ಎಳೆದುಕೊಂಡು ಹೋಗಿ ಸೋತಿತ್ತು. "ಅಂದ್ರೆ ಆಗೋ ಹಾಗೇ ಇತ್ತು, ಆಗಿರಲಿಲ್ಲ ಅಷ್ಟೇ" ಎಂದ. ಗೆಲುವು-ಸೋಲು ಎಂಬ ಎರಡೇ ಕಾಲಮ್ಮಿನಲ್ಲಿ ಮಾಹಿತಿ ಕಳೆದುಹೋಗುತ್ತದೆ, ಅಂತರವನ್ನೂ ನೋಡಬೇಕು ಎಂಬುದನ್ನು ಸಂಖ್ಯಾಶಾಸ್ತ್ರ ಓದಿದವರು ಪದವಿ ತರಗತಿಯಲ್ಲಿ ಕಲಿಯುತ್ತಾರೆ. ಅವನು ತಾನಾಗಿ ಕೇಳಿದ.

ಹಾಜರಿ ಪುಸ್ತಕದಲ್ಲಿನ ಶ್ರೇಯಾಂಕ

ಆ ಹುಡುಗನ ಹೆಸರಿನ ಮುಂದೆ ಶಾಲೆಯ ಪಟ್ಟಿಯಲ್ಲಿ "ಸಿ" ಎಂದಿತ್ತು. ತರಗತಿಯನ್ನು ಎ, ಬಿ, ಸಿ ಎಂದು ಮೂರು ಮಾಡಿ, ಸಿ ಗುಂಪಿಗೆ ಪಾಸಿಂಗ್ ಪ್ಯಾಕೇಜ್ ಮಾತ್ರ ಎಂದು ನಮಗೆ ಮೊದಲ ದಿನವೇ ಹೇಳಿದ್ದರು. ತ್ರಿಕೋನಮಿತಿಯ ಅನ್ವಯಗಳು, ಘನಫಲದ ದೊಡ್ಡ ಲೆಕ್ಕಗಳು ಅವರಿಗೆ ಬೇಡ. ಗ್ರಾಫ್, ರಚನೆ, ಪ್ರಮೇಯ ಬಾಯಿಪಾಠ ಮಾಡಿಸಿದರೆ ಸಾಕು. ಹೇಗೆ ವಿಂಗಡಿಸಿದಿರಿ ಎಂದು ಕೇಳಿದಾಗ ಸಿಕ್ಕಿದ ಉತ್ತರದಲ್ಲಿ ಅಂಕಗಳು ಅರ್ಧ ಮಾತ್ರ ಇದ್ದವು. ಉಳಿದರ್ಧ ಹೀಗಿತ್ತು: ಇವರು ಏಳನೆಯವರೆಗೆ ಉರ್ದು ಮಾಧ್ಯಮ, ಇವರದು ಮನೆಯಲ್ಲಿ ತಮಿಳು, ಇವರು ಯಾದಗಿರಿ ಕಡೆಯಿಂದ ಬಂದವರು, ಅಪ್ಪ-ಅಮ್ಮ ಕಟ್ಟಡ ಕೆಲಸ.

ನಮ್ಮ ಭಾಗದ ಶಾಲೆಗಳನ್ನು ಬಲ್ಲವರಿಗೆ ಈ ವಿವರಣೆ ಅಪರಿಚಿತವಲ್ಲ. ಶಿವಾಜಿನಗರದ ಒಂದು ತರಗತಿಯಲ್ಲಿ ನಾಲ್ಕು ಮನೆಮಾತು ಇರುತ್ತವೆ. ಹಲಸೂರಿನಲ್ಲಿ ತಮಿಳು ಮಾತಾಡುವ ಕುಟುಂಬಗಳು ತಲೆಮಾರುಗಳಿಂದ ಇವೆ. ಇಂದಿರಾನಗರದ ದೊಡ್ಡ ರಸ್ತೆಗಳ ಹಿಂದಿನ ಗಲ್ಲಿಗಳಿಂದ ಮನೆಗೆಲಸದವರ ಮಕ್ಕಳು ಸರ್ಕಾರಿ ಶಾಲೆಗೆ ಬರುತ್ತಾರೆ. ಕೆ.ಆರ್. ಪುರದ ಆಚೆ ಅಪಾರ್ಟ್‌ಮೆಂಟ್ ಏಳುವ ಕಡೆಯೆಲ್ಲ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದ ಬಂದವರ ಶೆಡ್ಡುಗಳಿವೆ. ಈ ಮಕ್ಕಳಿಗೆಲ್ಲ ಊರು, ಭಾಷೆ, ಮಾಧ್ಯಮ ಎಂಬ ಕಾನ್ಫರೆನ್ಸ್‌ಗಳಿವೆ. ನಾವು ಆ ಕಾನ್ಫರೆನ್ಸ್ ನೋಡಿ ಶ್ರೇಯಾಂಕ ಕೊಡುತ್ತಿದ್ದೇವೆ.

ಜಿಲ್ಲಾವಾರು ಫಲಿತಾಂಶವೇ ಹಾಗೆ ಹೇಳುತ್ತದಲ್ಲ ಎನ್ನುವವರಿದ್ದಾರೆ. ನೋಡೋಣ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ 94ರೊಂದಿಗೆ ಮೊದಲು, ದಕ್ಷಿಣ ಕನ್ನಡ ಶೇ 92.12ರೊಂದಿಗೆ ಎರಡನೆಯದು, ಯಾದಗಿರಿ ಶೇ 50.59ರೊಂದಿಗೆ ಕೊನೆಯದು. ಅಂತರ ನಿಜ, ನಾಚಿಕೆಪಡುವಷ್ಟು ದೊಡ್ಡದು. ಆದರೆ ಈ ಅಂಕಿಗಳಿಂದ ಮೂರು ಸಂಗತಿ ಹೊರಡುತ್ತವೆ.

ಒಂದು, ಯಾದಗಿರಿಯ ಅಂಕಿಯೊಂದೇ ಇಟ್ಟುಕೊಂಡು ಆ ಜಿಲ್ಲೆಯ ಒಬ್ಬ ಹುಡುಗನ ಬಗ್ಗೆ ಊಹಿಸಿದರೂ, ಪಾಸಾಗುವ ಸಂಭವನೀಯತೆ ಫೇಲಾಗುವುದಕ್ಕಿಂತ ತುಸು ಹೆಚ್ಚೇ. "ಆ ಕಡೆಯವನು, ಫೇಲು" ಎನ್ನುವುದು ದತ್ತಾಂಶದ ಮಾತಲ್ಲ. ನಾಣ್ಯ ಚಿಮ್ಮಿದ್ದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ.

ಎರಡು, ಅದೇ ವರ್ಷ 625ಕ್ಕೆ 625 ಅಂಕ ಪಡೆದ ಏಕೈಕ ವಿದ್ಯಾರ್ಥಿನಿ ಉಡುಪಿಯವಳಲ್ಲ, ದಕ್ಷಿಣ ಕನ್ನಡದವಳಲ್ಲ. ಅವಳು ಬಾಗಲಕೋಟೆ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯವಳು. ಪಟ್ಟಿಯ ಮೇಲಿದ್ದ ಗುಂಪೇ ಎತ್ತರದ ಅಂಕವನ್ನೂ ಕೊಡಬೇಕೆಂದಿಲ್ಲ. ಕನೆಕ್ಟಿಕಟ್ ತನ್ನ ಪಟ್ಟಿಯಲ್ಲಿ ಒಂಬತ್ತನೆಯದಾಗಿದ್ದಂತೆ.

ಮೂರು, ಪ್ರವೃತ್ತಿ ಎನ್ನಬೇಕಾದರೆ ಅಳೆಯುವ ಕೋಲು ಪ್ರತಿವರ್ಷ ಒಂದೇ ಆಗಿರಬೇಕು. 2023ರಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಚಿತ್ರದುರ್ಗ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ರಾಜ್ಯದ ಫಲಿತಾಂಶ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಚಿತ್ರದುರ್ಗ ಮೊದಲ ಹತ್ತರಲ್ಲೂ ಉಳಿಯಲಿಲ್ಲ. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಬದಲಾಗುವುದಿಲ್ಲ. ಅಳತೆ ಬದಲಾದಾಗ ಹಳೆಯ ಪ್ರವೃತ್ತಿಯ ಮೇಲೆ ಕಟ್ಟಿದ ಊಹೆ ಕುಸಿಯುತ್ತದೆ.

ಗುಂಪಿನೊಳಗಿನ ಅಂಕ, ಗುಂಪಿನಾಚೆಯ ಅಂಕ

ಇದಕ್ಕೆ ನಮ್ಮೂರಿನದೇ ಇನ್ನೊಂದು ಉದಾಹರಣೆಯಿದೆ. 2017ರ ಜುಲೈನಲ್ಲಿ ಏಷ್ಯಾ ಮಹಿಳಾ ಬ್ಯಾಸ್ಕೆಟ್‌ಬಾಲ್ ಕಪ್ ಬೆಂಗಳೂರಿನಲ್ಲೇ ನಡೆಯಿತು, ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ. ಎ ಮತ್ತು ಬಿ ಎಂದು ಎರಡು ಡಿವಿಷನ್. ಬಿ ಡಿವಿಷನ್ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75–73ರಿಂದ ಸೋಲಿಸಿ ಎ ಡಿವಿಷನ್‌ಗೆ ಬಡ್ತಿ ಪಡೆಯಿತು. ಎರಡು ವರ್ಷದ ನಂತರ, 2019ರ ಸೆಪ್ಟೆಂಬರ್‌ನಲ್ಲಿ, ಅದೇ ನಗರದಲ್ಲಿ ಎ ಡಿವಿಷನ್ ಆಡಿದಾಗ ಭಾರತ 8 ತಂಡಗಳಲ್ಲಿ ಕೊನೆಯದಾಯಿತು. ತವರು ಅದೇ, ಪ್ರೇಕ್ಷಕರೂ ಅದೇ ಊರಿನವರು. ಎದುರಾಳಿಗಳು ಮಾತ್ರ ಬೇರೆ. ಒಂದು ಗುಂಪಿನೊಳಗೆ ಗಳಿಸಿದ ಗೆಲುವಿನ ಸರಾಸರಿ ಇನ್ನೊಂದು ಗುಂಪಿನಲ್ಲಿ ಹಾಗೇ ಚಲಾವಣೆಯಾಗುವುದಿಲ್ಲ. ಅದಕ್ಕೇ ಅಮೆರಿಕದ ಲೆಕ್ಕಿಗರು ಕಾನ್ಫರೆನ್ಸ್ ಹೊರಗಿನ ತಂಡಗಳೊಂದಿಗೆ ಋತುವಿನ ಮೊದಲ ತಿಂಗಳುಗಳಲ್ಲಿ ಆಡಿದ ಪಂದ್ಯಗಳಿಗೆ ಅಷ್ಟು ಬೆಲೆ ಕೊಡುತ್ತಾರೆ. ಎರಡು ಗುಂಪುಗಳನ್ನು ಹೋಲಿಸಲು ಅವುಗಳ ನಡುವೆ ಸೇತುವೆ ಬೇಕು.

ನಮ್ಮಲ್ಲೂ ಹೀಗೆಯೇ. ಒಂದು ಶಾಲೆಯ ಘಟಕ ಪರೀಕ್ಷೆಯ 18/20, ಇನ್ನೊಂದು ಶಾಲೆಯ 12/20 ಎರಡನ್ನೂ ನೇರವಾಗಿ ಹೋಲಿಸುವಂತಿಲ್ಲ. ಪ್ರಶ್ನೆಪತ್ರಿಕೆ ಬೇರೆ, ತಿದ್ದಿದ ಕೈ ಬೇರೆ. ಉರ್ದು ಮಾಧ್ಯಮದಲ್ಲಿ ಚೆನ್ನಾಗಿ ಕಲಿತ ಮಗು ಎಂಟನೆಯ ತರಗತಿಗೆ ಇಂಗ್ಲಿಷ್ ಅಥವಾ ಕನ್ನಡ ಮಾಧ್ಯಮಕ್ಕೆ ಬಂದು ಮೊದಲ ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದರೆ, ಅದು ಗಣಿತದ ಅಂಕವೋ ಭಾಷೆಯ ಅಂಕವೋ ಎಂದು ಬೇರ್ಪಡಿಸದೆ "ಸಿ" ಬರೆಯುವುದು ಸರಿಯಲ್ಲ. ನೈದಾನಿಕ ಪರೀಕ್ಷೆ ಎಂಬ ಸಾಧನ ನಮ್ಮ ಪಠ್ಯಕ್ರಮದಲ್ಲಿ ಇರುವುದು ಇದಕ್ಕೇ.

ಚೆಂಡಿಗೆ ನಮ್ಮ ಊಹೆ ಗೊತ್ತಾಗುವುದಿಲ್ಲ

ಎರಡು ಹಾಳೆಗಳ ನಡುವಿನ ದೊಡ್ಡ ವ್ಯತ್ಯಾಸ ಬೇರೆಯೇ ಇದೆ. ಅಮೆರಿಕದಲ್ಲಿ ಯಾರೋ ಮನೆಯಲ್ಲಿ ಕುಳಿತು ಯುಎಂಬಿಸಿ ಸೋಲುತ್ತದೆ ಎಂದು ಬರೆದರೆ ಚೆಂಡಿಗೆ ಅದು ಗೊತ್ತಾಗುವುದಿಲ್ಲ. ಅಂಕಣದಲ್ಲಿ ಎರಡೂ ತಂಡಕ್ಕೆ ಅದೇ ಎತ್ತರದ ರಿಂಗ್, ಅಷ್ಟೇ ನಿಮಿಷ. ಶಾಲೆಯ ಹಾಳೆ ಹಾಗಲ್ಲ. ಸಿ ಎಂದು ಬರೆದ ಶಿಕ್ಷಕರೇ ಆ ಮಗುವಿಗೆ ಏನು ಕಲಿಸಬೇಕು, ಎಷ್ಟು ಕಲಿಸಬೇಕು ಎಂದು ತೀರ್ಮಾನಿಸುತ್ತಾರೆ. ತ್ರಿಕೋನಮಿತಿ ಕಲಿಸದ ಮಗು ಪರೀಕ್ಷೆಯಲ್ಲಿ ತ್ರಿಕೋನಮಿತಿ ಬಿಟ್ಟು ಬರುತ್ತದೆ. ಆಮೇಲೆ ನಾವು "ನೋಡಿ, ಮೊದಲೇ ಹೇಳಿದ್ದೆ" ಎನ್ನುತ್ತೇವೆ.

ರಾಬರ್ಟ್ ರೋಸೆಂತಾಲ್ ಮತ್ತು ಲೆನೋರ್ ಜೇಕಬ್‌ಸನ್ 1968ರಲ್ಲಿ ಪ್ರಕಟಿಸಿದ ಪಿಗ್ಮಾಲಿಯನ್ ಅಧ್ಯಯನವನ್ನು ನಾವೆಲ್ಲ ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಗೆ ಓದುತ್ತೇವೆ. ಶಿಕ್ಷಕರ ನಿರೀಕ್ಷೆಯ ಪರಿಣಾಮ ಆ ಪುಸ್ತಕ ಹೇಳಿದಷ್ಟು ದೊಡ್ಡದಲ್ಲ ಎಂದು ನಂತರದ ಸಂಶೋಧಕರು ವಾದಿಸಿದ್ದಾರೆ, ಅದನ್ನೂ ಓದಬೇಕು. ಆದರೆ ಇಲ್ಲಿ ನಾನು ಹೇಳುತ್ತಿರುವುದು ಮನಸ್ಸಿನ ಸೂಕ್ಷ್ಮ ನಿರೀಕ್ಷೆಯನ್ನಲ್ಲ, ಪಾಠವನ್ನೇ ಕೊಡದಿರುವುದನ್ನು. ಅದರ ಪರಿಣಾಮ ಅಳೆಯಲು ಪ್ರಯೋಗ ಬೇಕಿಲ್ಲ.

ಎದುರು ವಾದ

ಅನುಭವಿ ಶಿಕ್ಷಕರು ಇದಕ್ಕೆ ಹೇಳುವ ಉತ್ತರವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತರಗತಿಯಲ್ಲಿ ಅರವತ್ತು ಮಕ್ಕಳು, 40 ನಿಮಿಷದ ಅವಧಿ, ಫಲಿತಾಂಶ ಕಡಿಮೆಯಾದರೆ ಮೇಲಿನಿಂದ ನೋಟಿಸು. ಪಾಸಿಂಗ್ ಪ್ಯಾಕೇಜ್ ಇಲ್ಲದಿದ್ದರೆ ಎಷ್ಟೋ ಮಕ್ಕಳು ಹತ್ತನೆಯ ತರಗತಿಯಲ್ಲೇ ಶಾಲೆ ಬಿಡುತ್ತಿದ್ದರು. "ನಿಮ್ಮದು ಕೆಲವು ವಾರದ ಇಂಟರ್ನ್‌ಶಿಪ್ಪು, ನಮ್ಮದು ಇಡೀ ಜೀವಮಾನ" ಎಂದು ಹಿರಿಯರೊಬ್ಬರು ನನಗೆ ಹೇಳಿದರು. ನಿಜ. ಒಂದು ಮಗುವನ್ನು ಕನಿಷ್ಠ ಅಂಕದವರೆಗೆ ದಾಟಿಸುವುದು ಸಣ್ಣ ಕೆಲಸವಲ್ಲ.

ನನ್ನ ತಕರಾರು ಗುಂಪು ಮಾಡುವುದರ ಮೇಲಲ್ಲ. ಯಾವುದಕ್ಕಾಗಿ ಗುಂಪು ಎಂಬುದರ ಮೇಲೆ. ಅಮೆರಿಕದ ಟೂರ್ನಿಯಲ್ಲಿ ಪ್ರಬಲ ಕಾನ್ಫರೆನ್ಸ್‌ಗೆ ಹೆಚ್ಚು ಸ್ಥಾನ. ಅಂದರೆ ಅಲ್ಲಿ ಪ್ರವೃತ್ತಿಯೇ ಅವಕಾಶವನ್ನೂ ಹಂಚುತ್ತದೆ. ನಮ್ಮ ಶಾಲಾ ಕ್ರೀಡಾಕೂಟದಲ್ಲಿ ಕಳೆದ ವರ್ಷ ಯಾರೇ ಗೆದ್ದಿರಲಿ, ನಾಲ್ಕೂ ವಿಭಾಗಗಳಿಗೆ ರಾಜ್ಯಮಟ್ಟದಲ್ಲಿ ಜಾಗವಿದೆ. ಶಾಲೆಗೆ ಎರಡನೆಯ ನ್ಯಾಯವೇ ಸರಿ. ಪ್ರವೃತ್ತಿ ನೋಡಿ ನೆರವನ್ನು ಹಂಚೋಣ: ಯಾರಿಗೆ ಹೆಚ್ಚು ಸಮಯ, ಯಾರಿಗೆ ಪರಿಹಾರ ಬೋಧನೆ, ಯಾವ ಜಿಲ್ಲೆಗೆ ಹೆಚ್ಚು ಶಿಕ್ಷಕರು. ಪ್ರವೃತ್ತಿ ನೋಡಿ ಪಠ್ಯವನ್ನು ಕಿತ್ತುಕೊಳ್ಳುವುದು ಬೇಡ. ಒಂದು ಗುಂಪು ವರ್ಷಗಳಿಂದ ಹಿಂದಿದ್ದರೆ ಅದು ಅಲ್ಲಿನ ಕಟ್ಟಡ, ಶಿಕ್ಷಕರ ಖಾಲಿ ಹುದ್ದೆ, ಮನೆಯ ಸ್ಥಿತಿಗಳ ಬಗ್ಗೆ ಹೆಚ್ಚು ಹೇಳುತ್ತದೆ, ಮಗುವಿನ ಬಗ್ಗೆ ಕಡಿಮೆ. ಪ್ರತಿವರ್ಷ ಬ್ಯಾಚ್ ಬದಲಾಗುತ್ತದೆ, ಬದಲಾಗದೆ ಉಳಿಯುವುದು ಆ ಸ್ಥಿತಿಗಳು.

ತರಗತಿಗೆ ಒಂದು ಚಟುವಟಿಕೆ, ನಮಗೆ ನಾಲ್ಕು ನಿಯಮ

ಚಟುವಟಿಕೆ ಸರಳ. ಅಂಗಳದಲ್ಲಿ ಒಂದು ರಿಂಗ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬಕೆಟ್ ಸಾಕು. ಐವರ ಎರಡು ಗುಂಪು, ಪ್ರತಿಯೊಬ್ಬರಿಗೂ ಹತ್ತು ಎಸೆತ. ಮೊದಲ ಗುಂಪಿನ ಅಂಕಗಳು 7, 6, 8, 3, 6 ಎಂದಿಟ್ಟುಕೊಳ್ಳಿ, ಸರಾಸರಿ 6. ಎರಡನೆಯ ಗುಂಪಿನದು 4, 9, 2, 5, 5; ಸರಾಸರಿ 5. ಮೊದಲ ಗುಂಪು ಉತ್ತಮ ಎಂದು ಮಕ್ಕಳು ಹೇಳುತ್ತಾರೆ. ಈಗ ಪ್ರತಿ ಗುಂಪಿನಿಂದ ಒಬ್ಬೊಬ್ಬರನ್ನು ಆರಿಸಿದರೆ ಎಷ್ಟು ಜೋಡಿ? 25. ಎಷ್ಟು ಜೋಡಿಗಳಲ್ಲಿ ಎರಡನೆಯ ಗುಂಪಿನವರ ಅಂಕ ಹೆಚ್ಚು? ಎಣಿಸಿದರೆ 8. ಅಂದರೆ 8/25, ಮೂರರಲ್ಲಿ ಸುಮಾರು ಒಂದು ಸಲ "ದುರ್ಬಲ" ಗುಂಪಿನವರು ಮುಂದೆ. ಹತ್ತೂ ಜನರಲ್ಲಿ ಅತಿ ಹೆಚ್ಚು ಅಂಕ ಯಾರದು? ಎರಡನೆಯ ಗುಂಪಿನವರದು. ಸರಾಸರಿ, ವ್ಯಾಪ್ತಿ, ಸಂಭವನೀಯತೆ ಮೂರೂ ಒಂದೇ ಅವಧಿಯಲ್ಲಿ ಬರುತ್ತವೆ.

ನಮಗೆ, ಅಂದರೆ ಬೋಧನಾಭ್ಯಾಸಕ್ಕೆ ಹೋಗುವವರಿಗೆ, ನಾನು ಸೂಚಿಸುವ ನಿಯಮಗಳು ಇವು. ಮೊದಲನೆಯದು, ಮಗುವಿನ ಬಗ್ಗೆ ಬರೆಯುವ ಯಾವ ಅಂದಾಜನ್ನೂ ಪೆನ್ಸಿಲ್ಲಿನಲ್ಲಿ, ದಿನಾಂಕದೊಂದಿಗೆ ಬರೆಯೋಣ. ಪ್ರತಿ ಘಟಕ ಪರೀಕ್ಷೆಯ ನಂತರ ತಿದ್ದೋಣ. ಎರಡನೆಯದು, ಒಂದೇ ಅಂಕಿ ಬರೆಯದೆ "30ರಿಂದ 50ರ ನಡುವೆ" ಎಂಬಂತೆ ವ್ಯಾಪ್ತಿ ಬರೆಯೋಣ. ಮೂರನೆಯದು, ಅಂದಾಜಿಗೆ ಕಾರಣ ಬರೆಯುವಾಗ ಊರು, ಮನೆಮಾತು, ತಂದೆತಾಯಿಯ ಕೆಲಸ ಬರೆಯದೆ ಮಗು ಮಾಡಿದ ಲೆಕ್ಕವನ್ನೇ ಬರೆಯೋಣ: ಯಾವ ಹಂತದಲ್ಲಿ ತಪ್ಪಿತು, ಯಾವ ಪ್ರಶ್ನೆ ಕೇಳಿತು. ನಾಲ್ಕನೆಯದು, ಇಂಟರ್ನ್‌ಶಿಪ್ ಮುಗಿದಾಗ ನಮ್ಮ ಮೊದಲ ಅಂದಾಜು ಮತ್ತು ಕೊನೆಯ ಅಂಕಗಳನ್ನು ಅಕ್ಕಪಕ್ಕ ಇಟ್ಟು, ಎಷ್ಟು ಸರಿಯಾಯಿತು ಎಂದು ಎಣಿಸೋಣ. ಮಕ್ಕಳಿಗೆ ಅಂಕ ಕೊಡುವ ನಾವು ನಮ್ಮ ಊಹೆಗೂ ಅಂಕ ಕೊಟ್ಟುಕೊಳ್ಳಬೇಕು.

ನಾಲ್ಕನೆಯದಕ್ಕೆ ಕಾಲೇಜಿನ ನೆರವು ಬೇಕು. ನಮ್ಮ ಇಂಟರ್ನ್‌ಶಿಪ್ ದಾಖಲೆ ಪುಸ್ತಕದಲ್ಲಿ ಅವಲೋಕನ, ಪಾಠ ಯೋಜನೆ, ಪ್ರತಿಫಲನಕ್ಕೆಲ್ಲ ಪುಟಗಳಿವೆ. ಅಂದಾಜು ಮತ್ತು ಫಲಿತಾಂಶಕ್ಕೆ ಎರಡು ಕಾಲಮ್ಮಿನ ಒಂದು ಪುಟ ಸೇರಿಸಬಹುದೆ ಎಂದು ಬೋಧಕರನ್ನು ಕೇಳಿಕೊಳ್ಳುತ್ತೇನೆ. ಮುಂದಿನ ತಂಡ ಶಾಲೆಗಳಿಗೆ ಹೋಗುವ ಮೊದಲು ಆ ಪುಟ ಇದ್ದರೆ, ವರ್ಷದ ಕೊನೆಗೆ ಶಿವಾಜಿನಗರದಿಂದ ಕೆ.ಆರ್. ಪುರದವರೆಗಿನ ನಮ್ಮ ಬೋಧನಾಭ್ಯಾಸದ ಶಾಲೆಗಳಿಂದ ನಮ್ಮದೇ ದತ್ತಾಂಶ ಸಿಗುತ್ತದೆ. ಊರು, ಮಾಧ್ಯಮ ನೋಡಿ ಮಾಡಿದ ಊಹೆ ಹೆಚ್ಚು ಸರಿಯಾಗುತ್ತದೆಯೋ, ಮಗುವಿನ ನೋಟ್‌ಬುಕ್ ನೋಡಿ ಮಾಡಿದ ಊಹೆ ಹೆಚ್ಚು ಸರಿಯಾಗುತ್ತದೆಯೋ ಎಂಬುದನ್ನು ಆಗ ಅಭಿಪ್ರಾಯದ ಬದಲು ಲೆಕ್ಕದಿಂದ ತೀರ್ಮಾನಿಸಬಹುದು. ಆ ಲೆಕ್ಕ ಬಂದಾಗ ಇದೇ ಪತ್ರಿಕೆಯಲ್ಲಿ ಪ್ರಕಟಿಸೋಣ. ಅದು ನನ್ನ ವಾದಕ್ಕೆ ವಿರುದ್ಧವಾಗಿ ಬಂದರೂ ಸರಿ.